ದಪ್ಪ ಚಕ್ರದ ಏಳು ದಿನ

"ಇಪ್ಪತ್ತೆರಡು ವರ್ಷ ಲಿಫ್ಟ್ ಪರೀಕ್ಷೆ ಮಾಡಿದ ಕೈ ಕಣೇ ಇದು. ಒಂದು ಸೈಕಲ್ ಪರೀಕ್ಷೆ ಮಾಡೋದು ಯಾವ ಮಹಾ ವಿದ್ಯೆ?"

ಹೀಗೆ ಎದೆ ತಟ್ಟಿಕೊಂಡವರು ನಮ್ಮ ಲಿಫ್ಟ್ ಸಾಹೇಬರು. ಊರಿನ ನಲವತ್ತು ಕಟ್ಟಡಗಳ ಲಿಫ್ಟು ಹತ್ತುವುದೂ ಇಳಿಯುವುದೂ ಇವರ ಸಹಿಯಿಂದ. ಎದುರಿಗೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದವರು ಅವರ ಹೆಂಡತಿ, ಹೈಸ್ಕೂಲಿನ ಗಣಿತದ ಟೀಚರಮ್ಮ. ಇಬ್ಬರ ನಡುವೆ ನಿಂತಿದ್ದದ್ದು ಒಂದು ಬಣ್ಣದ ಚಿತ್ರದ ಕಾಗದ. ಅದರಲ್ಲಿ ಬ್ಯಾಟರಿ ಸೈಕಲ್. ಚಕ್ರಗಳು ಗಿಡ್ಡ, ಆದರೆ ತಲೆದಿಂಬಿನಷ್ಟು ದಪ್ಪ. ಬೇಕೆಂದಾಗ ನಡುವಿಗೆ ಮಡಚಿ ಮೂಲೆಯಲ್ಲಿ ಇಟ್ಟುಬಿಡಬಹುದಂತೆ. ಅಂಗಡಿಯವರು ಏಳು ದಿನ ಓಡಿಸಿ ನೋಡಲು ಕೊಡುತ್ತಾರೆ, ಬೇಡವಾದರೆ ವಾಪಸ್ ತೆಗೆದುಕೊಳ್ಳುತ್ತಾರೆ.

"ಹಳೇ ಸ್ಕೂಟರ್ ಹೋಯ್ತು ಅಂತ ಇನ್ನೊಂದು ಸ್ಕೂಟರ್ ತರ್ತಾರೆ ಜನ. ನಿಮಗ್ಯಾಕ್ರೀ ಇದು?" ಎಂದರು ಟೀಚರಮ್ಮ, ತಲೆ ಎತ್ತದೆ.

ಸಾಹೇಬರು ಚಿತ್ರದ ಕಾಗದವನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಬಾಯಿಬಿಟ್ಟರು. "ಚಿಕ್ಕವನಿದ್ದಾಗ ಅಣ್ಣ ಓಡಿಸಿ ಬಿಟ್ಟ ಸೈಕಲ್ ಓಡಿಸಿದೆ. ಮದುವೆ ಆದ್ಮೇಲೆ ನಿಮ್ಮಪ್ಪ ಓಡಿಸಿ ಬಿಟ್ಟ ಸ್ಕೂಟರ್ ಓಡಿಸಿದೆ. ನಾನೇ ನೋಡಿ, ನಾನೇ ಇಷ್ಟಪಟ್ಟು ತಂದ ಗಾಡಿ ಅಂತ ಒಂದಾದ್ರೂ ಬೇಡ್ವೇನೇ?"

ಟೀಚರಮ್ಮನ ಕೆಂಪು ಪೆನ್ನು ನಿಂತಿತು. ಅವರು ಕಲ್ಲುಮನಸ್ಸಿನವರಲ್ಲ, ಲೆಕ್ಕದವರು ಅಷ್ಟೆ. "ಸರಿ, ತನ್ನಿ. ಏಳು ದಿನದಲ್ಲಿ ಒಂದೇ ಒಂದು ಸಲ ಯಾರಿಗಾದ್ರೂ ತೊಂದರೆ ಆಯ್ತೋ, ಎಂಟನೇ ದಿನ ಅದು ಅಂಗಡೀಲಿರ್ಬೇಕು."

"ಒಪ್ಪಿದೆ" ಎಂದರು ಸಾಹೇಬರು. ಒಪ್ಪಿದ್ದಷ್ಟೇ ಅಲ್ಲ, ಲಿಫ್ಟಿನ ವರದಿ ಬರೆಯುವ ಪುಸ್ತಕದಲ್ಲೇ ಸೈಕಲ್ಲಿಗೂ ಒಂದು ಪುಟ ತೆರೆದರು. ನಡುಕ, ಶಬ್ದ, ಬ್ರೇಕಿನ ದೋಷ, ಕೊನೆಗೆ ಪ್ರಯಾಣಿಕರ ದೂರು ಎಂದು ಕಾಲಂ ಎಳೆದರು. ಸೈಕಲ್ಲಿನ ಜೊತೆ ಒಂದು ಸೂಚನೆಯ ಪುಸ್ತಕವೂ ಬಂದಿತ್ತು. ಅದನ್ನು ಪ್ಲಾಸ್ಟಿಕ್ ಹೊದಿಕೆ ಸಮೇತ ಸೀಟಿನ ಕೆಳಗಿನ ಚೀಲಕ್ಕೆ ತುರುಕಿದರು. ಹನ್ನೊಂದು ಮಹಡಿಯ ಲಿಫ್ಟು ಬಿಚ್ಚಿ ಕೂಡಿಸುವ ಮನುಷ್ಯ ಸೈಕಲ್ಲಿನ ಪುಸ್ತಕ ಓದುವುದೆಂದರೆ ಮರ್ಯಾದೆಯ ಪ್ರಶ್ನೆ ಅಲ್ಲವೇ?

ಮೊದಲ ದಿನ ಸಾಹೇಬರು ಆಫೀಸಿಗೆ ಹೋಗಲಿಲ್ಲ, ತೇಲಿದರು. ದಿನವೂ ಸೊಂಟ ಮುರಿಯುತ್ತಿದ್ದ ರಸ್ತೆಯ ಉಬ್ಬುಗಳು ಈಗ ಹಾಸಿಗೆಯ ಮೇಲೆ ಮಗ್ಗುಲು ಬದಲಾಯಿಸಿದಂತೆ ಬಂದುಹೋದವು. ಎರಡನೇ ದಿನ ಸಿಗ್ನಲ್ಲಿನಲ್ಲಿ ನಿಂತವರೆಲ್ಲ "ಸಾರ್, ಎಷ್ಟು ದೂರ ಹೋಗುತ್ತೆ?" ಎಂದು ಮುತ್ತಿಕೊಂಡರು. ಸಾಹೇಬರು ಎಲ್ಲರಿಗೂ ಬಿಡಿಸಿ ಬಿಡಿಸಿ ಹೇಳಿದರು, ಹಸಿರು ದೀಪ ಮೂರು ಸಲ ಬಂದುಹೋಯಿತು. ಮೂರನೇ ದಿನ ಹ್ಯಾಂಡಲ್ಲಿಗೆ ಚೀಲ ತಗುಲಿಸಿ ಮೂರು ಕಿಲೋ ಟೊಮೆಟೊ ತಂದರು. ಒಂದೂ ಅಪ್ಪಚ್ಚಿಯಾಗಿರಲಿಲ್ಲ. ನಾಲ್ಕನೇ ದಿನ ಬ್ಯಾಟರಿ ಚಾರ್ಜಿಗೆ ಹಾಕಲು ಅಡುಗೆಮನೆಯ ಮಿಕ್ಸಿಯ ಪ್ಲಗ್ಗು ಕಿತ್ತಾಗ ಮಾತ್ರ ಒಂದು ಗಳಿಗೆ ಗಾಳಿ ಬಿಸಿಯಾಯಿತು.

"ಇದು ತೊಂದರೆಯ ಲೆಕ್ಕಕ್ಕೆ ಬರುತ್ತಾ?" ಕೇಳಿದರು ಸಾಹೇಬರು.

"ಇಪ್ಪತ್ತೈದು ವರ್ಷದಿಂದ ನೀವು ಕೊಡ್ತಿರೋದರ ಮುಂದೆ ಇದೇನು ಬಿಡಿ" ಎಂದು ಟೀಚರಮ್ಮ ಮಾಫಿ ಮಾಡಿದರು.

ಆರು ದಿನ ಹೀಗೆ ಕಳೆಯಿತು. ವರದಿಯ ಪುಟದ ತುಂಬ 'ಇಲ್ಲ, ಇಲ್ಲ, ಇಲ್ಲ'. ಸಾಹೇಬರಿಗೆ ಎಷ್ಟು ಖುಷಿಯೆಂದರೆ, ರಾತ್ರಿ ಊಟವಾದ ಮೇಲೂ ಕೆಳಗಿಳಿದು ಮೆಟ್ಟಿಲ ಬುಡದಲ್ಲಿ ನಿಂತ ಸೈಕಲ್ಲನ್ನು ಒಮ್ಮೆ ಸವರಿ ಬರುತ್ತಿದ್ದರು.

ಏಳನೇ ದಿನ ಭಾನುವಾರ. ಸಂಜೆ ಇಬ್ಬರೂ ದಿನಸಿ ಅಂಗಡಿಗೆ ಹೋಗಿ ಬಂದರು, ಟೀಚರಮ್ಮ ನಡೆದು, ಸಾಹೇಬರು ಅವರ ಪಕ್ಕದಲ್ಲಿ ನಿಧಾನವಾಗಿ ಓಡಿಸುತ್ತ. ಕಟ್ಟಡದ ಬಾಗಿಲಲ್ಲಿ ಟೀಚರಮ್ಮ ನಿಂತರು. "ಅಲ್ರೀ, ಮಡಚೋ ಸೈಕಲ್ ಅಂತ ತಂದ್ರಿ. ಆರು ದಿನದಿಂದ ಒಂದು ಸಲಾನೂ ಮಡಚಿಲ್ಲ. ಮನೆ ಮೂಲೇಲಿ ಕೂರುತ್ತೆ ಅಂದ್ರಲ್ಲ, ಕೂರಿಸಿ ನೋಡೋಣ."

ನಿಜ ಹೇಳಬೇಕೆಂದರೆ ಸಾಹೇಬರು ಗುಟ್ಟಾಗಿ ಆಫೀಸಿನ ಹಿಂದೆ ಒಂದು ಸಲ ಮಡಚಲು ಹೋಗಿ ಬೆರಳು ಜಜ್ಜಿಕೊಂಡಿದ್ದರು. ಪುಟದಲ್ಲಿ ಬೆರಳಿಗೆ ಕಾಲಂ ಇಲ್ಲವೆಂದು ಅದನ್ನು ವರದಿಯಲ್ಲಿ ಬರೆದಿರಲಿಲ್ಲ. ಈಗ ಹಿಂದೆ ಸರಿದರೆ ಮಾನ ಹೋಗುತ್ತದೆ. ಮೊದಲು ಹ್ಯಾಂಡಲ್ ಬಗ್ಗಿಸಿದರು, ಆಮೇಲೆ ನಡುವಿನ ಕೊಂಡಿ ಬಿಚ್ಚಿ ಸೈಕಲ್ಲನ್ನು ಎರಡಾಗಿ ಮಡಚಿದರು. ಹ್ಯಾಂಡಲ್ಲು ಎರಡು ಚಕ್ರಗಳ ನಡುವೆ ಸಿಕ್ಕಿಕೊಂಡಿತು. ಮಂಡಿಯಿಂದ ಒಂದು ಗುದ್ದು ಕೊಟ್ಟು, "ಕೂತಿತು" ಎಂದರು.

ಮೂವತ್ತು ಕಿಲೋ ಭಾರ, ಮನೆ ಮೂರನೇ ಮಹಡಿಯಲ್ಲಿ. ಲಿಫ್ಟಿನ ಪಕ್ಕದಲ್ಲಿ ದೊಡ್ಡ ಬೋರ್ಡು: ವಾಹನಗಳನ್ನು ಲಿಫ್ಟಿನಲ್ಲಿ ಒಯ್ಯಬಾರದು. ಎರಡನೇ ಮಹಡಿಯ ಮಗುವಿನ ಮೂರು ಗಾಲಿಯ ಸೈಕಲ್ಲನ್ನು ಲಿಫ್ಟಿನಿಂದ ಇಳಿಸಿ, ಆ ಬೋರ್ಡು ಬರೆಸಿ, ಕೆಳಗೆ ಸಹಿ ಹಾಕಿದವರು ಬೇರೆ ಯಾರೂ ಅಲ್ಲ.

"ಬೋರ್ಡು?" ಎಂದರು ಟೀಚರಮ್ಮ.

"ಬಿಡಿಸಿದ್ರೆ ವಾಹನ. ಮಡಚಿದ್ರೆ ಸಾಮಾನು" ಎಂದು ಸಾಹೇಬರು ಅಲ್ಲೇ ಹೊಸ ಕಾನೂನು ಮಾಡಿದರು.

ಆ ಲಿಫ್ಟು ಹಳೆಯದು. ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು. ಅದು ನಾಲ್ಕು ಬೆರಳು ತೆರೆದರೂ ಸಾಕು, ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ಸುರಕ್ಷತೆಗೆಂದು ಹಾಗೆ ಮಾಡಿಟ್ಟವರೂ ಸಾಹೇಬರೇ. ಸೈಕಲ್ಲು, ಸಾಹೇಬರು, ಟೀಚರಮ್ಮ, ಸಾಮಾನಿನ ಚೀಲ ಎಲ್ಲವೂ ಹೇಗೋ ಒಳಗೆ ಸೇರಿದವು. ಲಿಫ್ಟು ಒಂದನೇ ಮಹಡಿ ದಾಟಿತು, ಎರಡನೆಯದೂ ದಾಟಿತು. ಸಾಹೇಬರು "ನೋಡಿದ್ಯಾ?" ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ಕೊಂಡಿ ಕೈಕೊಟ್ಟಿತು. ಮಡಚಿ ಕುಳಿತಿದ್ದ ಸೈಕಲ್ಲು ಆಕಳಿಸಿ ಮೈಮುರಿಯಿತು. ಮುಂದಿನ ಚಕ್ರ ಹೋಗಿ ಜಾಲರಿಗೆ ಗುದ್ದಿ ಅದನ್ನು ಒಂದು ಗೇಣು ಸರಿಸಿತು. ಹಿಂದಿನ ಚಕ್ರ ಟೀಚರಮ್ಮನನ್ನು ಮೂಲೆಗೆ ಒತ್ತಿತು. ಲಿಫ್ಟು ಎರಡಕ್ಕೂ ಮೂರಕ್ಕೂ ನಡುವೆ ನಿಂತಿತು. ಸೈಕಲ್ಲನ್ನು ಹಿಂದಕ್ಕೆ ಎಳೆಯದೆ ಜಾಲರಿ ಮುಚ್ಚುವಂತಿಲ್ಲ, ಜಾಲರಿ ಮುಚ್ಚದೆ ಲಿಫ್ಟು ಕದಲುವಂತಿಲ್ಲ.

"ಗಾಬರಿ ಆಗ್ಬೇಡ. ಇದು ನನ್ನ ದಿನನಿತ್ಯದ ಕೆಲಸ" ಎಂದು ಸಾಹೇಬರು ಹ್ಯಾಂಡಲ್ ಹಿಡಿದು ಎಳೆದರು. ಎಳೆಯುವಾಗ ಹೆಬ್ಬೆರಳು ವೇಗದ ಗುಂಡಿಯ ಮೇಲೆ ಕುಳಿತಿತು. ಸೈಕಲ್ಲಿನ ಕರೆಂಟು ಆರಿಸಲು ಅವರು ಮರೆತಿದ್ದರು. ಹಿಂದಿನ ಚಕ್ರ ಗರ್ರನೆ ತಿರುಗಿ, ಇಡೀ ಸೈಕಲ್ಲು ಮುಂದಕ್ಕೆ ನುಗ್ಗಿ ಜಾಲರಿಯೊಳಗೆ ಇನ್ನೂ ಭದ್ರವಾಗಿ ಕಚ್ಚಿಕೊಂಡಿತು. ತೊಟ್ಟಿಲಿನಂತೆ ಲಿಫ್ಟು ತೂಗಿತು. ಚೀಲದಿಂದ ಈರುಳ್ಳಿಗಳು ಉರುಳಿ, ಜಾಲರಿಯ ಸಂದಿಯಿಂದ ಒಂದೊಂದಾಗಿ ಕೆಳಗೆ ಹೋದವು.

"ಯಾರ್ರೀ ಅದು ಈರುಳ್ಳಿ ಎಸೀತಿರೋದು?" ಕೆಳಗಿನಿಂದ ಕೂಗು ಬಂತು. ಅದು ಕಟ್ಟಡದ ಕಾರ್ಯದರ್ಶಿಗಳ ದನಿ. ತಪ್ಪು ಹುಡುಕುವುದರಲ್ಲಿ ಅವರದು ಎತ್ತಿದ ಕೈ. ಸಾಹೇಬರು ಬಾಯಿಗೆ ಬೀಗ ಹಾಕಿಕೊಂಡರು. ಟೀಚರಮ್ಮನಿಗೂ ಸುಮ್ಮನಿರಲು ಸನ್ನೆ ಮಾಡಿದರು.

ಒಂದು ನಿಮಿಷ ಕಳೆಯಿತು. ಸಾಹೇಬರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಲಿಫ್ಟು ಕೆಟ್ಟರೆ ಕರೆಯಲು ಬೋರ್ಡಿನಲ್ಲಿ ಕೊಟ್ಟ ಕಂಪನಿಯ ನಂಬರಿಗೆ ಭಾನುವಾರ ಬರುವ ಕರೆಗಳೆಲ್ಲ ಅವರ ಫೋನಿಗೇ.

"ಹಲೋ, ಲಿಫ್ಟ್ ಸೇವೆ" ಎಂದರು ಸಾಹೇಬರು, ಅಭ್ಯಾಸಬಲ.

"ಲಿಫ್ಟ್ ನಿಂತುಬಿಟ್ಟಿದೆ. ಒಳಗೆ ಯಾರೋ ಸಿಕ್ಕಿಕೊಂಡಿದ್ದಾರೆ. ಮಾತೂ ಆಡ್ತಿಲ್ಲ. ನಿಮ್ಮವರು ಬರೋಕೆ ಎಷ್ಟು ಹೊತ್ತಾಗುತ್ತೆ?" ಕಾರ್ಯದರ್ಶಿಗಳ ದನಿ ಫೋನಿನಿಂದಲೂ ಬಂತು, ಕಾಲ ಕೆಳಗಿನಿಂದಲೂ ಬಂತು.

"ನಮ್ಮ ಮನುಷ್ಯ ಆಗ್ಲೇ ಸ್ಥಳದಲ್ಲಿದ್ದಾನೆ ಸಾರ್."

"ಎಲ್ಲಿ? ನನಗೆ ಯಾರೂ ಕಾಣ್ತಿಲ್ವಲ್ಲ."

"ಒಳಗಡೆಯಿಂದ ಪರೀಕ್ಷೆ ಮಾಡ್ತಿದ್ದಾನೆ."

ಮೂಲೆಯಲ್ಲಿ ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಫೋನು ಇಟ್ಟ ಸಾಹೇಬರ ಮುಖ ಹುಳ್ಳಗಾಗಿತ್ತು.

"ಆ ಸೀಟಿನ ಚೀಲದಲ್ಲಿರೋ ಪುಸ್ತಕ ಕೊಡ್ರೀ" ಎಂದರು ಟೀಚರಮ್ಮ.

ಪ್ಲಾಸ್ಟಿಕ್ ಹೊದಿಕೆಯನ್ನು ಹಲ್ಲಿನಿಂದ ಹರಿದು ಗಟ್ಟಿಯಾಗಿ ಓದಿದರು. "ಒಂದು, ಕರೆಂಟು ಆರಿಸಿ. ಆರಿಸಿದ್ರಾ? ಎರಡು, ಸೀಟು ಕೆಳಗಿಳಿಸಿ. ಮೂರು, ನಡುವಿಗೆ ಮಡಚಿ, ಕೊಂಡಿ ಟಕ್ ಅನ್ನೋವರೆಗೆ ಒತ್ತಿ. ನಾಲ್ಕು, ಎಲ್ಲಕ್ಕಿಂತ ಕೊನೆಗೆ ಹ್ಯಾಂಡಲ್, ಹೊರಮಗ್ಗುಲಿಗೆ. ಕೊನೆಗೆ ಅನ್ನೋದನ್ನ ದಪ್ಪಕ್ಷರದಲ್ಲಿ ಹಾಕಿದ್ದಾರೆ, ನೋಡಿ. ನಿಮ್ಮಂಥೋರಿಗೇ ಇರ್ಬೇಕು."

ಓದಿ ಬಿಟ್ಟವರಲ್ಲ. ಪುಸ್ತಕವನ್ನು ಗಂಡನ ಕೈಗಿತ್ತು, ಮೂಲೆಯಿಂದಲೇ ಬಗ್ಗಿ ತಾವೇ ಒಂದೊಂದಾಗಿ ಮಾಡಿದರು. ಚಕ್ರ ಜಾಲರಿ ಬಿಟ್ಟು ಹಿಂದೆ ಬಂತು, ಕೊಂಡಿ ಟಕ್ ಎಂದಿತು. ಸೈಕಲ್ಲು ಬೆಕ್ಕಿನ ಹಾಗೆ ಮುದುರಿಕೊಂಡಿತು. ಜಾಲರಿ ಮುಚ್ಚಿತು, ಲಿಫ್ಟು ಮೂರನೇ ಮಹಡಿಗೆ ಏರಿತು. ಮೆಟ್ಟಿಲು ಹತ್ತಿ ಬಂದಿದ್ದ ಕಾರ್ಯದರ್ಶಿಗಳು ಏದುಸಿರು ಬಿಡುತ್ತ, ಕೈಯಲ್ಲಿ ನಾಲ್ಕು ಈರುಳ್ಳಿ ಹಿಡಿದು ಅಲ್ಲೇ ನಿಂತಿದ್ದರು. ಸೈಕಲ್ಲನ್ನು ನೋಡಿದರು, ಸಾಹೇಬರನ್ನು ನೋಡಿದರು.

"ಸಾಹೇಬ್ರೇ, ಆ ಮಗು ಸೈಕಲ್ ಇನ್ಮೇಲೆ ಲಿಫ್ಟಲ್ಲಿ ಹೋಗ್ಬಹುದಾ?" ಎಂದಷ್ಟೇ ಕೇಳಿ, ಈರುಳ್ಳಿಗಳನ್ನು ಟೀಚರಮ್ಮನ ಚೀಲಕ್ಕೆ ಹಾಕಿ ಇಳಿದುಹೋದರು.

ಮನೆಯೊಳಗೆ ಸಾಹೇಬರು ವರದಿ ಪುಸ್ತಕ ತೆರೆದು ಕುಳಿತರು. ಅವರಲ್ಲಿ ನೂರು ಹುಳುಕಿರಬಹುದು, ಆದರೆ ಸಹಿ ಹಾಕುವ ಕಾಗದದಲ್ಲಿ ಸುಳ್ಳು ಬರೆಯುವವರಲ್ಲ. ಪ್ರಯಾಣಿಕರ ದೂರು ಎಂಬಲ್ಲಿ 'ಇದೆ' ಎಂದು ಬರೆದರು. ಮೂಲೆಯಲ್ಲಿ ಸೈಕಲ್ಲು ಎಷ್ಟು ಚೆನ್ನಾಗಿ ಕುಳಿತಿತ್ತೆಂದರೆ ಅತ್ತ ನೋಡಲು ಅವರಿಗೆ ಸಂಕಟವಾಯಿತು. "ನಾಳೆ ಬೆಳಿಗ್ಗೆ ವಾಪಸ್ ಕೊಟ್ಟು ಬರ್ತೀನಿ ಕಣೇ. ಮಾತು ಅಂದ್ರೆ ಮಾತು" ಎಂದರು.

ಟೀಚರಮ್ಮ ಪುಸ್ತಕ ಎಳೆದುಕೊಂಡು ಕೆಂಪು ಪೆನ್ನಿನಿಂದ ಏನೋ ಗೀಚಿ ಹಿಂದಕ್ಕೆ ತಳ್ಳಿದರು. ಸೈಕಲ್ಲಿನ ಮುಂದೆ 'ಪಾಸ್' ಎಂದಿತ್ತು. ಪರೀಕ್ಷಕರ ಸಹಿಯ ಮುಂದೆ 'ಫೇಲ್'.

"ಅಂದ್ರೆ ಸೈಕಲ್ ಇರುತ್ತಾ?"

"ಇರುತ್ತೆ. ಅದೇನು ತಪ್ಪು ಮಾಡಿದೆ ಪಾಪ? ನೀವು ಆ ಪುಸ್ತಕ ಪೂರ್ತಿ ಓದಿ. ಮುಂದಿನ ಭಾನುವಾರ ಮರುಪರೀಕ್ಷೆ. ಅಲ್ಲಿವರೆಗೆ ನಾನು ಓಡಿಸ್ತೀನಿ. ಕಾಲೇಜಿಗೆ ಮೂರು ವರ್ಷ ಸೈಕಲ್ಲಲ್ಲೇ ಹೋದೋಳು ನಾನು. ಒಂದು ವಾರದಲ್ಲಿ ಒಂದು ಸಲ ಆದ್ರೂ ಕೇಳಿದ್ರಾ, ನಿನಗೂ ಬೇಕಾ ಅಂತ?"

ಸೋಮವಾರ ಬೆಳಿಗ್ಗೆ ಸಾಹೇಬರು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಎದುರಿನ ರಸ್ತೆಯ ಉಬ್ಬನ್ನು ತೇಲುತ್ತ ದಾಟಿ, ಒಂದು ಸಲ ಹಾರ್ನ್ ಮಾಡಿ ಟೀಚರಮ್ಮ ಮುಂದೆ ಹೋದರು. ಅವರು ಅಷ್ಟು ಹಗುರಾಗಿ ನಗುವುದನ್ನು ಸಾಹೇಬರು ನೋಡಿ ಬಹಳ ದಿನವಾಗಿತ್ತು. ನೋಡಿ ಅವರಿಗೂ ಮನಸ್ಸು ತುಂಬಿತು.

ಪಕ್ಕದಲ್ಲಿ ನಿಂತಿದ್ದವರು ಕತ್ತು ಹೊರಳಿಸಿ ನೋಡಿದರು. "ಸೈಕಲ್ ಭಾರಿ ಚೆನ್ನಾಗಿದೆಯಲ್ಲ ಸಾರ್. ಅದರ ಬಗ್ಗೆ ನಿಮಗೇನಾದ್ರೂ ಗೊತ್ತಾ?"

ಸಾಹೇಬರು ಕೈಯಲ್ಲಿದ್ದ ಪುಸ್ತಕದ ಪುಟ ತಿರುಗಿಸಿದರು.

"ಇನ್ನೂ ಓದ್ತಾ ಇದ್ದೀನಿ" ಎಂದರು.