ಇಲಿಯ ಕುಲದಿಂದ ಜಿಂಕೆಯ ಕುಲಕ್ಕೆ

ಕೈಗೆ ಮೆತ್ತಿದ್ದ ಮೊಹರಿನ ಮಸಿ ತೊಳೆದು ಬರೋಣವೆಂದು ಕೊಡೆ ಕಂಪನಿಯ ರವಾನೆ ಗುಮಾಸ್ತ ನಲ್ಲಿಯ ಹತ್ತಿರ ಹೋದದ್ದೇ ತಪ್ಪಾಯಿತು. ಕೈ ಒರೆಸಿಕೊಳ್ಳುತ್ತ ಅವನು ಸಭೆಯ ಕೋಣೆಗೆ ಬರುವಷ್ಟರಲ್ಲಿ ಪ್ರಾಣಿಗಳೆಲ್ಲ ಖರ್ಚಾಗಿದ್ದವು. ಮೇಜಿನ ಮೇಲೆ ಒಂದೇ ಒಂದು ಬಟ್ಟೆಯ ಬಿಲ್ಲೆ ಉಳಿದಿತ್ತು. ಅದರ ಮೇಲೆ ಇಲಿ.

ಹಿಂದೆ ಕಾಡಿನ ಜನ ಒಂದೊಂದು ಪ್ರಾಣಿಯನ್ನು ತಮ್ಮ ಕುಲದ ಗುರುತು ಮಾಡಿಕೊಂಡು ಒಗ್ಗಟ್ಟಾಗಿ ಬಾಳುತ್ತಿದ್ದರೆಂದು ಮ್ಯಾನೇಜರು ಎಲ್ಲೋ ಕೇಳಿಬಂದಿದ್ದರು. ತಮ್ಮ ಆಫೀಸಿನಲ್ಲಿ ಒಗ್ಗಟ್ಟಿಲ್ಲದ್ದು ಪ್ರಾಣಿ ಇಲ್ಲದ ಕಾರಣಕ್ಕೇ ಎಂದು ಅವರಿಗೆ ಹೊಳೆದುಬಿಟ್ಟಿತು. ಸಿಂಹವನ್ನು ತಾವು ತೆಗೆದುಕೊಂಡು ಉಳಿದದ್ದನ್ನು ಸಿಬ್ಬಂದಿಗೆ ಬಿಟ್ಟಿದ್ದರು. ಕಡ್ಡಿಯಂಥ ಲೆಕ್ಕಿಗರು ನುಗ್ಗಿ ಆನೆಯನ್ನು ಹಿಡಿದಿದ್ದರು.

"ಕುಲ ಅಂದ್ಮೇಲೆ ಕಟ್ಟಳೆ ಇರುತ್ತೆ," ಎಂದರು ಮ್ಯಾನೇಜರು. "ತನ್ನ ಪ್ರಾಣಿಗೆ ಯಾರೂ ನೋವು ಮಾಡೋ ಹಾಗಿಲ್ಲ. ಮಿಕ್ಕಿದ್ದನ್ನ ಸಂಜೆ, ಕಾಡಿನ ಕುಲಗಳ ಬಗ್ಗೆ ಓದಿಕೊಂಡಿರೋ ಪ್ರೊಫೆಸರಮ್ಮ ಒಬ್ಬರು ಬಂದು ಹೇಳ್ತಾರೆ. ಅವರು ಏನು ಹೇಳಿದ್ರೂ ಈ ಆಫೀಸಲ್ಲಿ ಅದೇ ನಡೆಯುತ್ತೆ."

ಗುಮಾಸ್ತನಿಗೆ ಇಲಿಯಾದ ಸಂಕಟಕ್ಕಿಂತ ಜಿಂಕೆಯಾಗದ ಸಂಕಟ ದೊಡ್ಡದಾಗಿತ್ತು. ಜಿಂಕೆಯ ಬಿಲ್ಲೆಗಳು ಎರಡಿದ್ದವು. ಒಂದು ಟೈಪಿಸ್ಟಳ ತೋಳಿನಲ್ಲಿತ್ತು; ಅವಳನ್ನು ಮದುವೆಯಾಗಬೇಕೆಂಬ ಆಸೆಯನ್ನು ಅವನು ಬಹಳ ದಿನದಿಂದ ಬಾಯಿಬಿಡಲಾಗದೆ ನುಂಗಿಕೊಂಡಿದ್ದ. ಇನ್ನೊಂದು ಉಗ್ರಾಣದವನ ತೋಳಿನಲ್ಲಿತ್ತು. ಉಗ್ರಾಣದವನು ಎಣ್ಣೆ ಹಚ್ಚಿದ ಬಾಗಿಲಿನಂತೆ ಸದ್ದಿಲ್ಲದೆ ಎಲ್ಲ ಕಡೆಗೂ ತೆರೆದುಕೊಳ್ಳುವ ಮನುಷ್ಯ.

ಸ್ವಲ್ಪ ಹೊತ್ತಿಗೆ ಲೆಕ್ಕಿಗರು ಬಂದು ನಿಂತರು. "ಏನಪ್ಪಾ, ನಿಮ್ಮೋರು ನನ್ನ ಬಿಸ್ಕತ್ತಿನ ಪೊಟ್ಟಣ ತೂತು ಮಾಡಿದ್ದಾರಲ್ಲ."

"ನಮ್ಮೋರು ಅಂದ್ರೆ ಯಾರು ಸಾರ್?"

"ಇನ್ಯಾರು, ನಿನ್ನ ಬಳಗ. ಸ್ವಲ್ಪ ಬುದ್ಧಿ ಹೇಳು."

ಊಟದ ಹೊತ್ತಿಗೆ ಬಳಗದ ಹಿರಿಯನೊಬ್ಬ ಬೀರುವಿನ ಹಿಂದಿನಿಂದ ಓಡಿಬಂದ. ಸಿಂಹ ಎಲ್ಲರಿಗಿಂತ ಮೊದಲು ಕುರ್ಚಿ ಹತ್ತಿತು. ಗುಮಾಸ್ತ ಪೊರಕೆ ಎತ್ತಿದ. "ಕಟ್ಟಳೆ, ಕಟ್ಟಳೆ," ಎಂದು ಆನೆ ಅಡ್ಡ ಬಂತು. "ಹೊಡೀಬೇಡ, ಮಾತಾಡಿ ಕಳಿಸು," ಎಂದು ಮ್ಯಾನೇಜರು ಕುರ್ಚಿಯ ಮೇಲಿನಿಂದಲೇ ಅಪ್ಪಣೆ ಕೊಟ್ಟರು. ಎಲ್ಲರೂ ನೋಡುತ್ತಿರಲು ಗುಮಾಸ್ತ ಮಂಡಿಯೂರಿ, ಇಲಿ ಮತ್ತೆ ನುಸುಳಿದ್ದ ಬೀರುವಿನ ಸಂದಿಗೆ ಬಾಯಿಟ್ಟು, "ದಯವಿಟ್ಟು ಹೊರಗೆ ಹೋಗಿ," ಎಂದು ಬೇಡಿಕೊಳ್ಳಬೇಕಾಯಿತು. ಟೈಪಿಸ್ಟ್ ಕಾಲೆರಡನ್ನೂ ಮೇಲೆತ್ತಿಕೊಂಡು ಕೂತಿದ್ದಳು. "ಇಲಿ ಅಂದ್ರೆ ನಂಗೆ ಮೈಯೆಲ್ಲ ಜುಂ ಅನ್ನುತ್ತೆ," ಎಂದಳು. ಅಷ್ಟು ಸಾಕಾಯಿತು. ಏನಾದರಾಗಲಿ, ಸಂಜೆಯೊಳಗೆ ಜಿಂಕೆಯಾಗಿಯೇ ತೀರಬೇಕೆಂದು ಗುಮಾಸ್ತ ನಿಶ್ಚಯಿಸಿದ.

ಉಗ್ರಾಣದವನು ಆಗತಾನೇ ರೈಲು ನಿಲ್ದಾಣದಿಂದ ಪ್ರೊಫೆಸರಮ್ಮನನ್ನು ಕಾರಿನಲ್ಲಿ ಕರೆತಂದು, ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ.

"ಜಿಂಕೆ ಕೊಡೋದಾ?" ಎಂದು ಎದೆ ಹಿಡಿದುಕೊಂಡ. "ಹೊಟ್ಟೆಯಲ್ಲಿ ಹುಟ್ಟಿದ ಮಗೂನ ಕೊಡು ಅಂದ ಹಾಗಾಯ್ತಲ್ಲೋ."

"ನೀನು ಏನು ಹೇಳಿದ್ರೂ ಮಾಡ್ತೀನಿ."

ವಾಪಸು ಬಂದ ಹರಕು ಕೊಡೆಗಳ ರಾಶಿ ಉಗ್ರಾಣದಲ್ಲಿ ಸೂರು ಮುಟ್ಟುತ್ತಿತ್ತು. ಒಂದೊಂದನ್ನೂ ಬಿಚ್ಚಿ, ನೋಡಿ, ಮಡಚಿ ಬೇರೆಬೇರೆ ಮಾಡಬೇಕು. ಗುಮಾಸ್ತ ಒಳಹೊಕ್ಕ. ಕಡ್ಡಿ ಕಣ್ಣಿಗೆ ತಿವಿಯಿತು, ಗುಂಡಿ ಬೆರಳು ಕಚ್ಚಿತು, ಒಂದು ಕೊಡೆ ಬಿಚ್ಚಿದ್ದು ಮುಚ್ಚಲೊಲ್ಲದೆ ಅವನನ್ನು ಮೂಲೆಗೆ ಒತ್ತಿ ನಿಲ್ಲಿಸಿತು. ಸಂಜೆ ಅವನು ಗಿರಣಿಯಿಂದ ಬಂದವನಂತೆ ಧೂಳು ಮೆತ್ತಿಕೊಂಡು, ತೋಳಿನಲ್ಲಿ ಜಿಂಕೆ ಹೊತ್ತು, ಸಭೆಗೆ ಹೋಗಿ ಟೈಪಿಸ್ಟಳ ಪಕ್ಕದಲ್ಲೇ ಕೂತ. ಅವಳು ಬಿಲ್ಲೆ ನೋಡಿ ಮುಖವರಳಿಸಿದಳು. ಕಣ್ಣಲ್ಲಿ ನೀರೂ ಬಂದಂತಿತ್ತು. ಅವನ ಬೆನ್ನುನೋವು ಅಲ್ಲೇ ಇಳಿಯಿತು.

ನರೆಗೂದಲಿನ ಪ್ರೊಫೆಸರಮ್ಮ ಮೆಲ್ಲಗೆ ಮಾತಾಡಿದರು. "ಪ್ರಾಣಿ ಅಂದ್ರೆ ಬರೀ ಬಲದ ಗುರುತಲ್ಲ, ನೆಂಟಸ್ತಿಕೆಯ ಗುರುತು. ನಾನು ಕಂಡ ಕುಲಗಳಲ್ಲಿ ಒಂದೇ ಪ್ರಾಣಿಯವರು ಅಂದ್ರೆ ಒಡಹುಟ್ಟಿದೋರ ಹಾಗೆ. ಅವರೊಳಗೆ ಮದುವೆ ನಡೆಯೋದಿಲ್ಲ."

"ನಮ್ಮಲ್ಲೂ ಈಗಿನಿಂದಲೇ ಜಾರಿ," ಎಂದು ಮ್ಯಾನೇಜರು ಎದ್ದು ನಿಂತರು. "ಬಿಲ್ಲೆ ಬದಲಾಯಿಸೋದೂ ಈಗಿನಿಂದ ಬಂದ್." ಅದು ಆ ಜನರ ಬದುಕು, ಕೊಡೆ ಮಾರುವವರಿಗೆ ಅದೆಲ್ಲ ಯಾಕೆ ಎಂದು ಪ್ರೊಫೆಸರಮ್ಮ ಹೇಳಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಗುಮಾಸ್ತ ಉಗ್ರಾಣದವನ ತೋಳು ಹಿಡಿದು ಹೊರಗೆಳೆದ. "ನಿಂಗೆ ಇದು ಗೊತ್ತಿತ್ತಾ?"

"ಕಾರಲ್ಲಿ ಬರ್ತಾ ಅವರೇ ಹೇಳಿದ್ರು. ಈ ಜಿಂಕೇನ ಯಾರ ತಲೆಗೆ ಕಟ್ಟೋದಪ್ಪಾ ಅಂತ ಒದ್ದಾಡ್ತಾ ಇದ್ದೆ. ದೇವರು ಬಂದ ಹಾಗೆ ನೀನು ಬಂದೆ."

ಅಷ್ಟರಲ್ಲಿ ಟೈಪಿಸ್ಟ್ ಬಂದು ಉಗ್ರಾಣದವನ ಪಕ್ಕ ನಿಂತಳು.

"ಅಣ್ಣಾ," ಎಂದಳು ಗುಮಾಸ್ತನಿಗೆ. "ಇವರು ವಿಷಯ ಹೇಳಿದಾಗ ನನ್ನ ಎದೆ ಧಸಕ್ಕಂದಿತ್ತು. ಮ್ಯಾನೇಜರನ್ನ ಎದುರು ಹಾಕಿಕೊಂಡು ಇಬ್ಬರೂ ಕೆಲಸ ಉಳಿಸಿಕೊಳ್ಳೋಕಾಗುತ್ತಾ? ನೀವು ಇಲಿ ಬಿಟ್ಟುಕೊಟ್ಟು ನಮ್ಮನ್ನ ಕಾಪಾಡಿದ್ರಿ."

"ನಿಂಗೆ ಇಲಿ ಅಂದ್ರೆ..." ಎಂದು ಗುಮಾಸ್ತ ತೊದಲಿದ.

"ಇವರಾದ್ರೆ ಪರವಾಗಿಲ್ಲ," ಎಂದು ಅವಳು ನಾಚಿದಳು. "ಆದ್ರೆ ಮನೇಲಿ ಇನ್ನೂ ಹೇಳಿಲ್ಲ ಅಣ್ಣಾ. ನಮ್ಮಪ್ಪ ಮಹಾ ಸಿಡುಕರು, ಕೈಗೆ ಸಿಕ್ಕಿದ್ದನ್ನ ಎಸೀತಾರೆ. ನೀವೇ ಬಂದು ನಮ್ಮ ಮದುವೆ ಮಾತು ಎತ್ತಬೇಕು. ಒಡಹುಟ್ಟಿದೋರು ಅಂದ್ಮೇಲೆ ಅಷ್ಟೂ ಮಾಡಲ್ವಾ?"

ಗುಮಾಸ್ತ ತನ್ನ ತೋಳಿನ ಜಿಂಕೆಯನ್ನೊಮ್ಮೆ ನೋಡಿಕೊಂಡ.

"ಎಷ್ಟು ಹೊತ್ತಿಗೆ ಬರಲಿ, ತಂಗಿ?" ಎಂದ.