ಸದ್ದಿಲ್ಲದ ಡಬ್ಬಿಯಲ್ಲಿ ಚೊಚ್ಚಲ ಹಾಡು

“ನನ್ನ ಕಿವಿ ತಪ್ಪಿಸಿ ಒಂದು ಅಪಸ್ವರ ಆಚೆ ಹೋಗೋದುಂಟಾ? ಹಾಡು ನನ್ನ ಅಂಗಡೀಲೇ ರೆಕಾರ್ಡ್ ಆಗ್ಬೇಕು!” ಎಂದು ಕಿವಿ ಡಾಕ್ಟ್ರು ಶನಿವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಮೇಲೆತ್ತಿ ಘೋಷಿಸಿದರು.

ಅವರು ನಿಜಕ್ಕೂ ಡಾಕ್ಟರಲ್ಲ. ಕಿವಿ ಮಂದವಾದವರನ್ನು ಪರೀಕ್ಷಿಸಿ ಶ್ರವಣಯಂತ್ರ ಕೂರಿಸುವ ಅಂಗಡಿ ಅವರದು. ಪದವಿ ಜನ ಪ್ರೀತಿಯಿಂದ ಕೊಟ್ಟದ್ದು. ತಿದ್ದುವ ಗೋಜಿಗೆ ಅವರೂ ಹೋಗಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಪರೀಕ್ಷೆಯ ಡಬ್ಬಿ ಇತ್ತು. ಒಬ್ಬರು ಕೂರುವಷ್ಟು ಜಾಗ, ಗೋಡೆಗೆಲ್ಲ ದಪ್ಪ ಸ್ಪಂಜು, ಒಂದು ಗಾಜಿನ ಕಿಂಡಿ. ಬಾಗಿಲು ಹಾಕಿಕೊಂಡರೆ ಹೊರಗೆ ಬಾಂಬ್ ಬಿದ್ದರೂ ಒಳಗಿದ್ದವರು ಮರುದಿನದ ಪೇಪರ್ ಓದಿಯೇ ತಿಳಿಯಬೇಕು!

ಆ ಡಬ್ಬಿಯೊಳಗೆ ಅಂದು ನಾಲ್ವರು ಹುಡುಗಿಯರು ತುಂಬಿಕೊಂಡರು. ಡಾಕ್ಟ್ರ ಹದಿನೈದರ ಮಗಳು, ಮತ್ತವಳ ಮೂವರು ಗೆಳತಿಯರು. ನಾಲ್ವರ ಹಲ್ಲಿಗೂ ಕ್ಲಿಪ್ಪು ಇದ್ದುದರಿಂದ ತಂಡದ ಹೆಸರು ‘ತಂತಿಹಲ್ಲು’! ಡಾಕ್ಟ್ರ ಕಾಲೇಜು ದಿನಗಳಲ್ಲಿ ಊರಿಗೂರೇ ಗುನುಗಿದ್ದ ಪ್ರೇಮಗೀತೆಯೊಂದಕ್ಕೆ ಡ್ರಮ್ಮು ಕಟ್ಟಿ, ಓಟ ಕಲಿಸಿ, ತಮ್ಮ ಚೊಚ್ಚಲ ಹಾಡು ಮಾಡಿಕೊಂಡಿದ್ದರು. ಸಂಜೆ ಐದರೊಳಗೆ ರೇಡಿಯೊಗೆ ಕಳಿಸಿದರೆ ಭಾನುವಾರ ಹೊಸಬರ ಕಾರ್ಯಕ್ರಮದಲ್ಲಿ ಬರುತ್ತದೆ. ಒಂದು ನಿಮಿಷ ತಡವಾದರೂ ಮೂರು ತಿಂಗಳ ಅಭ್ಯಾಸ ನೀರುಪಾಲು.

ಹುಡುಗಿಯರು ಇಯರ್‌ಫೋನಿನಲ್ಲಿ ತಾಳ ಹಾಕಿಕೊಂಡು ಹಾಡತೊಡಗಿದರು. ಡಾಕ್ಟ್ರು ಹೊರಗೆ ಮೇಜಿನ ಮುಂದೆ ಕುಳಿತು, ಬಟ್ಟಲಿನಷ್ಟಿದ್ದ ಹೆಡ್‌ಫೋನಿನಿಂದ ಎರಡೂ ಕಿವಿ ಮುಚ್ಚಿಕೊಂಡು, ಕಣ್ಣನ್ನೂ ಮುಚ್ಚಿದರು. ಕೈ ಗಾಳಿಯಲ್ಲಿ ತೇಲಿತು. ಮೂರೂವರೆ ನಿಮಿಷದ ನಂತರ ಕಣ್ಣು ತೆರೆದಾಗ ರೆಪ್ಪೆ ಒದ್ದೆಯಾಗಿತ್ತು. ಡಬ್ಬಿಯಿಂದ ಇಳಿದ ಹುಡುಗಿಯರೋ, ಬೆಂದ ಆಲೂಗಡ್ಡೆಗಳಂತೆ ಹೊಗೆಯಾಡುತ್ತಿದ್ದರು.

ನಾಲ್ಕು ಗಂಟೆಗೆ ಡಾಕ್ಟ್ರ ಹೆಂಡತಿ ಬಂದರು. ಹಾಡು ಕೇಳಿದರು. ಹುಬ್ಬು ಗಂಟಿಕ್ಕಿದರು.

“ರೀ, ಹಾಡೇನೋ ಚೆನ್ನಾಗಿದೆ. ಹಿಂದೆ ಪಾಪ ಯಾರೋ ನರಳ್ತಿದಾರಲ್ಲ, ಯಾರದು?”

“ನರಳೋದಾ? ವಿದ್ಯುತ್ ದೋಷ ಕಣೇ! ಕೆಳಸ್ತರದ ಕಂಪನ ಅಂತಾರೆ ಇದಕ್ಕೆ!” ಎನ್ನುತ್ತ ಡಾಕ್ಟ್ರು ಫ್ಯಾನ್ ಆರಿಸಿದರು. ಎ.ಸಿ. ಆರಿಸಿದರು. ಗೋಡೆ ಗಡಿಯಾರದ ಹೊಟ್ಟೆಯಿಂದ ಸೆಲ್ಲು ಕಿತ್ತರು. ಮತ್ತೆ ಹಾಡು ಹಾಕಿದರೆ, ನರಳಾಟ ಹಾಗೇ ಇದೆ!

“ಅಂಕಲ್,” ದಪ್ಪ ಕನ್ನಡಕದ ಗೆಳತಿ ಮೆಲ್ಲಗೆ ಕೇಳಿದಳು, “ಆಗ್ಲೇ ರೆಕಾರ್ಡ್ ಆಗಿರೋ ಸದ್ದು ಈಗ ಫ್ಯಾನ್ ಆರಿಸಿದ್ರೆ ಹೋಗುತ್ತಾ?”

ಅಷ್ಟರಲ್ಲಿ ಹೆಂಡತಿ ಸ್ಪೀಕರಿಗೆ ಕಿವಿ ಅಂಟಿಸಿದವರು ಸರಕ್ಕನೆ ತಲೆಯೆತ್ತಿದರು. “ಈ ಕೆಳಸ್ತರದ ಕಂಪನ ನಂಗೆ ಚೆನ್ನಾಗಿ ಗೊತ್ತು ಕಣ್ರೀ. ಹತ್ತೊಂಬತ್ತು ವರ್ಷದಿಂದ ದಿನಾ ಏಳೂವರೆಗೆ ನಮ್ಮನೆ ಬಚ್ಚಲಿಂದ ಬರುತ್ತೆ!”

ಐದು ಜೊತೆ ಕಣ್ಣುಗಳು ಡಾಕ್ಟ್ರ ಕಡೆ ತಿರುಗಿದವು. ಅಲ್ಲಿಂದ ಮೇಜಿನ ಮೈಕಿನ ಕಡೆ. ‘ಸದ್ದು ಕೇಳಿಸಿದ್ರೆ ಕೈ ಎತ್ತಿ’ ಎಂದು ಡಬ್ಬಿಯೊಳಗಿನವರಿಗೆ ಹೇಳಲು ಇಟ್ಟ ಮೈಕು ಅದು. ಅದರ ಕೆಂಪು ದೀಪ ನಿಗಿನಿಗಿ ಉರಿಯುತ್ತಿತ್ತು. ಡಾಕ್ಟ್ರ ಗಾನವೆಲ್ಲ ಅದರ ಮೂಲಕ ಡಬ್ಬಿಯೊಳಗಿನ ಪುಟ್ಟ ಸ್ಪೀಕರಿಗೆ ಹೋಗಿ, ಹಾಡಿನ ಜೊತೆ ಲಕ್ಷಣವಾಗಿ ರೆಕಾರ್ಡ್ ಆಗಿತ್ತು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯ ಜೋರು ತಿಳಿಯುವುದಿಲ್ಲವೆಂದು ದಿನಕ್ಕೆ ಹತ್ತು ಜನರಿಗೆ ಪಾಠ ಹೇಳುವ ಮಹಾನುಭಾವರು!

“ನಾನು ಮನಸ್ಸಲ್ಲೇ ಹಾಡ್ಕೊಂಡೆ ಕಣೇ!”

“ಮನಸ್ಸಿಗೂ ಇಷ್ಟು ದೊಡ್ಡ ಗಂಟಲಿರುತ್ತಾ?”

ಮಗಳ ಕಣ್ಣು ತುಂಬಿತು. “ಅಪ್ಪಾ, ಇದು ನಮ್ಮ ಮೊದಲನೇ ಹಾಡು. ನಿಮ್ಮ ಕೊನೇ ಹಾಡಲ್ಲ!”

ಡಾಕ್ಟ್ರು ಸೆಲ್ಲಿಲ್ಲದ ಗಡಿಯಾರದ ಕಡೆ ನೋಡಿದರು. ಹೆಂಡತಿಯ ಫೋನಿನಲ್ಲಿ ನಾಲ್ಕೂ ಇಪ್ಪತ್ತೈದು. ಮತ್ತೆ ಹಾಡಲೇಬೇಕು. ಆದರೆ ಆ ಒಲೆಯೊಳಗೆ ಇನ್ನೊಮ್ಮೆ ಕಾಲಿಡಲಾರೆವೆಂದು ಹುಡುಗಿಯರು ಒಕ್ಕೊರಲಿಂದ ಹೇಳಿದರು. ಸರಿ, ಅಂಗಡಿಯ ಮುಂಭಾಗದಲ್ಲೇ ಹಾಡುವುದು. ಬೀದಿ ಬಾಗಿಲು ಹಾಕಿದರೆ ಗಲಾಟೆಯಿಲ್ಲ. ಉಳಿದದ್ದು ಡಾಕ್ಟ್ರ ಗಲಾಟೆಯೊಂದೇ.

“ನಾನು ಬೀದೀಲಿ ನಿಂತಿರ್ತೀನಿ. ಉಸಿರೆತ್ತಲ್ಲ,” ಎಂದರು ಡಾಕ್ಟ್ರು.

“ಬೇಡಪ್ಪಾ! ಬೀದಿಯಿಂದ್ಲೇ ಶ್ರುತಿ ಸೇರಿಸ್ತೀರಿ!” ಎಂದಳು ಮಗಳು.

ಎಲ್ಲರ ದೃಷ್ಟಿಯೂ ಡಬ್ಬಿಯ ಮೇಲೆ ನೆಟ್ಟಿತು. ಮುಂದಿನ ಕ್ಷಣ ಕಿವಿ ಡಾಕ್ಟ್ರು ಅದರೊಳಗಿದ್ದರು. ಬಾಗಿಲು ಧಡ್ಡನೆ ಮುಚ್ಚಿತು.

ಗಾಜಿನಾಚೆ ನಾಲ್ಕು ಬಾಯಿ ತೆರೆದವು, ತಂತಿಗಳು ಮಿಂಚಿದವು. ಸದ್ದು ಮಾತ್ರ ಸೊನ್ನೆ. ಒಳಗೆ ಡಾಕ್ಟ್ರಿಗೆ ತಡೆಯಲಾಗಲಿಲ್ಲ. ಕೈ ಬೀಸಿ, ಕತ್ತು ಉಬ್ಬಿಸಿ, ಗಂಟಲು ಹರಿಯುವಂತೆ ಅವರೂ ಹಾಡಿದರು. ಹಾಡು ಮುಗಿದದ್ದೂ ತಿಳಿಯದೆ ಇನ್ನೊಂದು ಸುತ್ತು ಹಾಡಿದರು! ಆಚೆ ಮಗಳು ಫೋನಿನ ಗುಂಡಿ ಒತ್ತಿ, ಕುಣಿದು, ಗೆಳತಿಯರನ್ನು ತಬ್ಬಿಕೊಂಡಳು. ಐದಕ್ಕೆ ನಾಲ್ಕು ನಿಮಿಷವಿರುವಾಗಲೇ ಹಾಡು ಹೋಗಿತ್ತು.

ಬೀದಿ ಬಾಗಿಲು ತೆರೆದೊಡನೆ, ಮೊದಲ ಸಲ ಪರೀಕ್ಷೆಗೆ ಬಂದ ಅಜ್ಜಿಯೊಬ್ಬರು ಒಳಬಂದು ಗಾಜಿಗೆ ಮೂಗು ಒತ್ತಿ ನೋಡಿದರು. ಕಸುಬಿನ ದೆಸೆಯಿಂದ ಡಾಕ್ಟ್ರಿಗೆ ತುಟಿಯ ಚಲನೆ ನೋಡಿಯೇ ಮಾತು ತಿಳಿಯುತ್ತಿತ್ತು.

“ಅಯ್ಯೋ ಪಾಪ! ಇವರಿಗೆ ಎಷ್ಟು ದಿನದಿಂದ ಕಿವಿ ಕೇಳಿಸ್ತಿಲ್ವಮ್ಮಾ?”

ಹೆಂಡತಿಯ ತುಟಿಗಳು ನಿಧಾನವಾಗಿ, ಡಾಕ್ಟ್ರಿಗೆ ಒಂದಕ್ಷರವೂ ತಪ್ಪದಂತೆ, ಅಲುಗಿದವು:

“ಕಿವಿ ಸರಿಯಾಗೇ ಇದೆ ಅಜ್ಜಿ. ಇದು ಬಾಯಿಗೆ ಮಾಡ್ತಿರೋ ಚಿಕಿತ್ಸೆ!”