ತಿಂಗಳಿಗೆ ಒಂದು, ನಗಣ್ಯ

ಮಾನ್ಯ ಕೀವರ್ಡ್ ಸಂಶೋಧನಾ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ಜಂಪರ್ ಹೊಲಿದು ಬದುಕುವ ಸಲ್ಮಾಳ ಸಲಾಮುಗಳು. ತಾವು ಕ್ಷೇಮವೆಂದೇ ನಂಬಿದ್ದೇನೆ, ಏಕೆಂದರೆ ತಮಗೆ ಜ್ವರವಾಗಲಿ ನೆಗಡಿಯಾಗಲಿ ಕರೆಂಟು ಹೋಗುವುದಾಗಲಿ ಇಲ್ಲವಂತೆ. ಯಾರು ಏನು ಹುಡುಕುತ್ತಾರೆ, ಎಷ್ಟು ಸಲ ಹುಡುಕುತ್ತಾರೆ ಎಂಬುದನ್ನು ಕೂತಲ್ಲೇ ಹೇಳುವ ತಮ್ಮಂಥವರು ನಮ್ಮೂರಲ್ಲಿ ಇರಲೇ ಇಲ್ಲ ಎನ್ನಲಾರೆ. ಅಗಸಿಕಟ್ಟೆಯ ಮೇಲೆ ನಾಲ್ಕಾರು ಜನ ಇದ್ದರು, ಆದರೆ ಅವರು ಹೇಳಿದ್ದಕ್ಕೆ ಚಹಾ ಕೇಳುತ್ತಿದ್ದರು.

ಮೊದಲು ಸಂಗತಿ ಅರಿಕೆ ಮಾಡುತ್ತೇನೆ. ನಮ್ಮ ಅಮ್ಮಿ ರಾಜಾಬೀ ಹುಟ್ಟಿ ಬೆಳೆದದ್ದು ಗುರುಗುಂಟಾದಲ್ಲಿ. ಎದುರು ಮನೆಯ ಆದಮ್ಮ ಅವಳ ಜೀವದ ಗೆಳತಿ. ಕುರಿ ಮೇಯಿಸಲು ಹೋದಲ್ಲಿ ಇಬ್ಬರೂ ಬಾರಿಹಣ್ಣು, ಅಂದರೆ ಬೋರೆಹಣ್ಣು, ಆರಿಸಿ, ಉಪ್ಪು, ಬೆಲ್ಲ, ಹಸಿಮೆಣಸಿನಕಾಯಿ ಸೇರಿಸಿ, ಬೀಜ ಸಮೇತ ಹಳ್ಳದ ಕಲ್ಲಿನ ಮೇಲೆ ಕುಟ್ಟಿ ಉಂಡಿ ಕಟ್ಟುತ್ತಿದ್ದರು. ಅದಕ್ಕೆ ಕುಟ್ಟುಂಡಿ ಎಂದು ಹೆಸರಿಟ್ಟವರೂ ಅವರೇ, ತಿಂದು ಹೊಟ್ಟೆ ಕೆಡಿಸಿಕೊಂಡವರೂ ಅವರೇ. ಮುಂದೆ ಆದಮ್ಮನ ಮನೆಯವರು ಭತ್ತದ ನಾಟಿಗೆಂದು ಸಿಂಧನೂರು ಕಡೆಯ ಕಾಲುವೆ ಸೀಮೆಗೆ ಹೋದವರು ಅಲ್ಲಿಯೇ ನಿಂತರು, ಅಮ್ಮಿ ಲಗ್ನವಾಗಿ ಇಲ್ಲಿಗೆ ಬಂದಳು. ಗುರುಗುಂಟಾದಲ್ಲಿ ಈಗ ಎರಡೂ ಮನೆಯವರಿಲ್ಲ, ಯಾರು ಎಲ್ಲಿದ್ದಾರೆಂದು ಹೇಳುವವರೂ ಇಲ್ಲ. ಹೋದ ವರ್ಷ ಅಮ್ಮಿಯ ಒಂದು ಕಣ್ಣು ಪೂರಾ ಮಂಜಾಯಿತು. ಇನ್ನೊಂದು ಇರೋದ್ರಾಗ ಆದಿ ಮಾರಿ ನೋಡ್ಬೇಕು ಎಂದು ಆದಮ್ಮನ ಮುಖಕ್ಕಾಗಿ ಹಟ ಹಿಡಿದಳು. ಕುಟ್ಟುಂಡಿಯ ವಿಡಿಯೋ ಮಾಡು ಎಂದವಳೂ ಅವಳೇ: ಆಕಿ ಕೈಗೆ ಫೋನ್ ಸಿಕ್ಕರ ನನ್ನ ಹೆಸರು ಹುಡುಕಂಗಿಲ್ಲ, ಕುಟ್ಟುಂಡಿ ಹುಡುಕ್ತಾಳ, ಆಕಿ ಬಾಯಿಚಪಲ ನಂಗ ಗೊತ್ತೈತಿ ಅಂದಳು.

ಅಮ್ಮಿ ಕುಟ್ಟಿದಳು, ನಾನು ಚಿತ್ರೀಕರಿಸಿದೆ. ಲಿಂಗಸುಗೂರು ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟು, ವಿಡಿಯೋ ಮಾಡುವವರಿಗೆಲ್ಲ ಗುರುವಾಗಿರುವ ವಿರೇಶ ನನ್ನನ್ನು ತಮ್ಮ ಪಾದಕ್ಕೆ ಹಾಕಿದ. ಕೀವರ್ಡ್ ಸರಿ ಇಲ್ದ ವಿಡಿಯೋ ಅಂದ್ರ ವಿಳಾಸ ಇಲ್ದ ಲಗ್ನಪತ್ರಿಕೆ ಇದ್ದಂಗ ಅಕ್ಕಾ ಅಂದ. ಭಕ್ತಿಯಿಂದ ‘ಕುಟ್ಟುಂಡಿ’ ಎಂದು ಒತ್ತಿದೆ. ತಾವು ಕಣ್ಣು ಮಿಟುಕಿಸುವುದರೊಳಗೆ ತೀರ್ಪು ಕೊಟ್ಟಿರಿ: ಹುಡುಕಾಟ ತಿಂಗಳಿಗೆ ಒಂದು, ನಗಣ್ಯ. ಅಷ್ಟಕ್ಕೇ ಬಿಡದೆ ಕರುಣೆಯಿಂದ ಬೇರೆ ಪದಗಳನ್ನೂ ಸೂಚಿಸಿದಿರಿ. ‘ಬಾರಿಹಣ್ಣಿನಿಂದ ತೂಕ ಇಳಿಕೆ’, ‘ಬಾರಿಹಣ್ಣು ಹಚ್ಚಿದರೆ ಬೆಳ್ಳಗಾಗುವರೇ’. ತೂಕ ಇಳಿಸುವಷ್ಟು ಮೈ ಆದಮ್ಮನಿಗೆ ಎಂದೂ ಇರಲಿಲ್ಲವೆಂದು ಅಮ್ಮಿ ಹೇಳುತ್ತಾಳೆ, ಆದರೂ ತಮ್ಮ ಕಾಳಜಿ ದೊಡ್ಡದು.

ಹೆಸರು ಬದಲಿಸದೆ ವಿಡಿಯೋ ಹಾಕಿ, ತಮ್ಮ ದೃಷ್ಟಿಯಲ್ಲಿ ಗಣ್ಯರಾಗಲು ಏನು ಮಾಡಬೇಕೆಂದು ಯೋಚಿಸಿ, ಕಡೆಗೆ ಹೊಲದ ದಾರಿಯನ್ನೇ ಹಿಡಿದೆ. ನಮ್ಮಲ್ಲಿ ಮುಯ್ಯಿ ಎಂದು ಒಂದು ಪದ್ಧತಿ ಉಂಟು: ಇಂದು ನೀನು ನನ್ನ ಹೊಲದ ಕಳೆ ತೆಗೆದರೆ ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ನೀವು ಕೂತಲ್ಲಿ ನಿಂತಲ್ಲಿ ನನ್ನ ಕುಟ್ಟುಂಡಿ ಹುಡುಕ್ರೆವಾ, ನಾ ನಿಮ್ಮ ಜಂಪರ್ ಪುಕ್ಕಟೆ ಹೊಲಿತೀನಿ ಎಂದು ಓಣಿಯ ಹೆಂಗಸರಿಗೆ ಹೇಳಿದೆ. ಶೇಖರಮ್ಮ ತನ್ನ ತವರಿಗೂ ಹೇಳಿ ಕಳಿಸಿದಳು, ಮಮತಾ ಸ್ವಸಹಾಯ ಸಂಘಕ್ಕೇ ಠರಾವು ಮಾಡಿಸಿದಳು. ರೊಟ್ಟಿ ಬಡಿಯುವಾಗ ಹುಡುಕಿದರು, ಬಸ್ಸಿಗೆ ಕಾಯುವಾಗ ಹುಡುಕಿದರು, ಒಬ್ಬಾಕೆ ಹೆರಿಗೆಗೆ ಹೋದಲ್ಲಿಂದಲೂ ಹುಡುಕಿದಳಂತೆ. ನನ್ನ ಬೆನ್ನು ಜಂಪರ್ ಹೊಲಿದು ಬಿಲ್ಲಾಯಿತು.

ತಾವು ಒಡನೆ ಕರಗಿದಿರಿ. ಕುಟ್ಟುಂಡಿ: ಬೇಡಿಕೆ ಭಾರಿ, ಸ್ಪರ್ಧೆ ಇಲ್ಲ, ಸುವರ್ಣಾವಕಾಶ ಎಂದು ಊರಿಗೆಲ್ಲ ಸಾರಿದಿರಿ. ನನಗೊಬ್ಬಳಿಗೇ ಹೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತೋ ಕಾಣೆ. ವಾರ ಕಳೆಯುವುದರಲ್ಲಿ, ಬಾರಿಗಿಡದ ಮುಳ್ಳನ್ನೇ ಕಾಣದ ಮಹನೀಯರೆಲ್ಲ ಕುಟ್ಟುಂಡಿಯ ವಂಶಸ್ಥರಾಗಿ ಅಡುಗೆಮನೆಯಲ್ಲಿ ನಿಂತಿದ್ದರು. ಒಬ್ಬರು ಚೀಸ್ ತುರಿದರು, ಒಬ್ಬರು ಅಜ್ಜಿಯ ಗುಟ್ಟು ಎಂದು ಮಿಕ್ಸಿಯಲ್ಲಿ ತಿರುವಿದರು. ನಮ್ಮ ಅಮ್ಮಿಯ ವಿಡಿಯೋ ಅವರೆಲ್ಲರ ಕೆಳಗೆ ಹೂತುಹೋಯಿತು, ಮುಯ್ಯಿಗೆ ಹುಡುಕಿದ ಓಣಿಯವರಿಗೂ ಚೀಸಿನದೇ ಸಿಗತೊಡಗಿತು. ಕೈಯಾರೆ ಕಳೆ ಬಿತ್ತಿ, ಕಳೆ ತೆಗೆಯಲು ಆಳು ಕರೆದಂತಾಯಿತು ನನ್ನ ಬಾಳು. ಆದಮ್ಮ ಹುಡುಕಿದರೂ ಇನ್ನು ಸಿಗುವುದು ಇವರೇ ಎಂದು ತಿಳಿದ ದಿನ ಅಮ್ಮಿ ರೊಟ್ಟಿ ಮುಟ್ಟಲಿಲ್ಲ, ನನಗೆ ತಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ತಾವೋ, ಸೋತವರ ಕೈಬಿಡುವವರಲ್ಲ. ಗೆದ್ದವರನ್ನು ನೋಡಿ ಕಲಿ ಎಂದು, ಬೀಜ ತೆಗೆದು ಬೆಳ್ಳುಳ್ಳಿ ಹಾಕಿದ ಒಂದು ವಿಡಿಯೋವನ್ನು ಮಾದರಿಯಾಗಿ ಕಳಿಸಿದಿರಿ. ಹೊಟ್ಟೆ ಉರಿದುಕೊಂಡು ಅದರ ಕೆಳಗಿನ ಪ್ರತಿಕ್ರಿಯೆಗಳನ್ನು ಅಮ್ಮಿಗೆ ಓದಿ ಹೇಳುತ್ತಾ ಹೋದೆ. ವಾವ್, ಸೂಪರ್, ಹೂವಿನ ಚಿತ್ರ, ಕೈಮುಗಿದ ಚಿತ್ರ, ಅವುಗಳ ನಡುವೆ ಇದೊಂದು: ‘ಬೀಜ ತಗದು ಕುಟ್ಟಿದ್ರ ಅದು ಕುಟ್ಟುಂಡಿ ಆಗತೈತೇನು ಬೇ? ಬಳ್ಳೊಳ್ಳಿ ಬ್ಯಾರೆ ಹಾಕ್ಯಾಳ ಸುಡಗಾಡು. ನಮ್ಮ ರಾಜಿ ನೋಡಿದ್ರ ಕಲ್ಲು ತಗೊಂಡು ಬೆನ್ನು ಹತ್ತತಿದ್ಲು.’ ಅಮ್ಮಿ ನನ್ನ ರಟ್ಟೆ ಹಿಡಿದುಕೊಂಡಳು. ಇಕಿ ನಮ್ಮ ಆದೀನ, ಇನ್ನೊಮ್ಮಿ ಓದು ಅಂದಳು. ಎಷ್ಟು ಸಲ ಓದಿಸಿದಳೆಂದು ತಮ್ಮಂಥವರೇ ಎಣಿಸಬೇಕಿತ್ತು.

ಅಲ್ಲಿಯೇ ನನ್ನ ನಂಬರು ಸಮೇತ ಉತ್ತರ ಬರೆದೆ, ಅಂದೇ ಫೋನ್ ಬಂತು. ಆದಮ್ಮ ಇರುವುದು ಜವಳಗೇರಾದಲ್ಲಿ, ಸಿಂಧನೂರಿನಲ್ಲಿ ಬಸ್ಸು ಬದಲಿಸಿದರೆ ಆಯಿತು. ಅಮಾಸಿ ದಿನ ಹೊಲದ ಕೆಲಸ ಇರುವುದಿಲ್ಲವಲ್ಲ, ಮೊಮ್ಮಗ ಮನೆಯಲ್ಲಿ ಸಿಗುವುದು ಅಂದೇ. ಎರಡು ವರ್ಷದಿಂದ ಪ್ರತಿ ಅಮಾಸಿಗೆ ಅವನನ್ನು ಕೂಡಿಸಿಕೊಂಡು, ಕುಟ್ಟುಂಡಿ ಹುಡುಕಲೇ, ರಾಜಿ ಎಲ್ಲೆರ ಸಿಕ್ಕಾಳು ಎನ್ನುತ್ತಿದ್ದಳಂತೆ. ಅಮಾಸಿ ಬರುವುದು ತಿಂಗಳಿಗೆ ಒಂದು, ಮಾನ್ಯರೇ. ತಾವು ನಗಣ್ಯ ಎಂದು ಬರೆದದ್ದು ಅವಳನ್ನು.

ಆದ್ದರಿಂದ ತಮ್ಮಲ್ಲಿ ಸಣ್ಣ ಬಿನ್ನಹಗಳಿವೆ. ಎಷ್ಟು ಜನ ಎಂಬ ಕಾಲಮಿನ ಪಕ್ಕದಲ್ಲಿ ಯಾರು, ಯಾಕೆ ಎಂದೂ ಒಂದು ಕಾಲಮು ಹಾಕಿಸಬೇಕು. ತಾವು ಖುದ್ದಾಗಿ ಸಿಂಧನೂರು ಬಸ್ಸಿನಲ್ಲಿ ನಿಂತುಕೊಂಡು ಜವಳಗೇರಾಕ್ಕೆ ಹೋಗಿ, ಆ ಮುದುಕಿಯ ಎದುರು ನಗಣ್ಯ ಎಂಬ ಪದವನ್ನು ಒಂದು ಸಲ ಓದಿ ಹೇಳಬೇಕು; ಬೈಗುಳದ ಬೇಡಿಕೆ ತಿಂಗಳಿಗೆ ಎಷ್ಟೆಂದು ಅಲ್ಲಿಯೇ ತಿಳಿಯುತ್ತದೆ. ಮತ್ತು ನಾನು ಹೊಲಿದ ಜಂಪರುಗಳ ಮುಯ್ಯಿ ತೀರಿಸಲು ತಾವೂ ಒಂದು ದಿನ ಬಂದು ಗುಂಡಿ ಹಚ್ಚಬೇಕು.

ಇಂತಿ ತಮ್ಮ ನಗಣ್ಯ ವಿಶ್ವಾಸಿ,
ಸಲ್ಮಾ
ಪಾಮನಕಲ್ಲೂರು

ತಾ.ಕ.: ಇಂದು ಬೆಳಿಗ್ಗೆ ತಮ್ಮಿಂದ ಎಚ್ಚರಿಕೆಯ ಸಂದೇಶ ಬಂದಿದೆ: ನಮ್ಮ ಪದದ ಹುಡುಕಾಟ ಈ ಅಮಾಸಿಗೆ ಸೊನ್ನೆಗೆ ಇಳಿದಿದೆ, ಕೂಡಲೇ ಕ್ರಮ ಕೈಗೊಳ್ಳಬೇಕು ಎಂದು. ಇಳಿಯದೆ ಏನು ಮಾಡೀತು, ಮಾನ್ಯರೇ? ಓಣಿಯವರ ಮುಯ್ಯಿ ತೀರಿತು, ಚೀಸಿನವರು ಬೇರೆ ಪದ ಹಿಡಿದರು, ತಿಂಗಳಿಗೊಮ್ಮೆ ಹುಡುಕುವಾಕಿ ನಮ್ಮ ಪಡಸಾಲೆಯಲ್ಲಿ ಕೂತು, ಬೆಲ್ಲ ಕಡಿಮಿ ಆತು ಎಂದು ಅಮ್ಮಿಯ ಸಂಗಡ ಜಗಳ ತೆಗೆದಿದ್ದಾಳೆ.